ಗಿಡ್ಡಯ್ಯನ ಜಗಲಿಯಲ್ಲಿ ಕೂತು ಕೆಂಚಮ್ಮನ ಕಷ್ಟ ಅಳೆದವರಿಗೆ

ಮಾನ್ಯ ಕಾನೂನು ನೆರವು ಸಮೀಕ್ಷಾಧಿಕಾರಿಗಳೇ,

ನಮ್ಮ ಕೋಡಿಹಟ್ಟಿಯಲ್ಲಿ ಕಾನೂನಿನ ನೆರವು ಬೇಕಾದವರು ಒಬ್ಬರೂ ಇಲ್ಲವೆಂದು ತಾವು ವರದಿ ಕೊಟ್ಟಿದ್ದೀರಿ. ಪತ್ರಿಕೆಯಲ್ಲಿ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ತಾವು ಆ ಮಾತನ್ನು ಬರೆದುಕೊಳ್ಳುವಾಗ ತಮ್ಮ ಕೈಗೆ ನೀರಿನ ಚೊಂಬು ಕೊಟ್ಟಳಲ್ಲ, ಆ ಕೆಂಚಮ್ಮನೇ ನೆರವು ಬೇಕಾದವಳು. ಅವಳಿಗೆ ಅನ್ಯಾಯ ಮಾಡುತ್ತಿರುವವನು ಅವಳ ಗಂಡನ ಅಣ್ಣ, ಪಕ್ಕದ ಮನೆಯ ಗಿಡ್ಡಯ್ಯ. ತಾವು ಕೂತದ್ದು ಅವನ ಜಗಲಿಯ ಮೇಲೆ, ಉಂಡದ್ದು ಅವನ ಮನೆಯ ಮುದ್ದೆ, ಪ್ರಶ್ನೆ ಕೇಳಿದ್ದೂ ಅವನನ್ನೇ.

"ಇಲ್ಲಿ ಯಾರಿಗಾದರೂ ತೊಂದರೆ ಇದೆಯೇನಪ್ಪ?" ಎಂದಿರಿ.

"ಎಲ್ಲಾರೂ ತಣ್ಣಗವ್ರೆ ಸ್ವಾಮಿ. ಇನ್ನೊಂದು ಎಳನೀರು ಕೆತ್ಲಾ?" ಎಂದ.

ಅಲ್ಲಿಗೆ ಸಮೀಕ್ಷೆ ಮುಗಿಯಿತು. ಬೆಕ್ಕಿನ ಮುಂದೆ ಕೂತು ಇಲಿಗಳ ಯೋಗಕ್ಷೇಮ ವಿಚಾರಿಸುವ ಪದ್ಧತಿ ತಮ್ಮ ಇಲಾಖೆಯಲ್ಲಿ ಯಾವಾಗಿನಿಂದ ಇದೆ? ಎದುರಿಗೇ ನನ್ನ ಮನೆ ಇತ್ತು. ಹಟ್ಟಿಗೆ ಬಂದ ಅಮಲ್ದಾರರಾಗಲಿ, ಶಾಲೆ ಇನ್ಸ್‌ಪೆಕ್ಟರಾಗಲಿ ನನ್ನ ಜಗಲಿಯಲ್ಲಿ ಕೂರದೆ ಹೋದದ್ದಿಲ್ಲ. ತಮ್ಮ ಜೀಪು ಮಾತ್ರ ನೆರಳು ಹುಡುಕಿಕೊಂಡು ಗಿಡ್ಡಯ್ಯನ ಹುಣಸೆಮರದ ಕೆಳಗೆ ನಿಂತಿತು. ನ್ಯಾಯ ಬಂದಿಳಿಯುವುದು ಜೀಪಿನ ನೆರಳಿಗೆ ಎಂದು ಮೊದಲೇ ತಿಳಿದಿದ್ದರೆ ನಾನೂ ಒಂದು ಹುಣಸೆ ನೆಟ್ಟಿರುತ್ತಿದ್ದೆ.

ಕೆಂಚಮ್ಮನ ಗಂಡ ದಾಸಯ್ಯ ಈ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ಅಣ್ಣ ತಮ್ಮಂದಿರ ತೋಟ ಎಷ್ಟೋ ವರ್ಷದ ಹಿಂದೆ ಪಾಲಾಗಿತ್ತು. ಬಾಯಿಮಾತಿನ ಪಾಲು, ನಾನೇ ಸಾಕ್ಷಿ. ಸಾಯುವ ಮೊದಲು ದಾಸಯ್ಯ ತನ್ನ ಪಾಲಿನ ತೆಂಗಿನಕಾಯಿ ಕೆಡವಿಸಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕಿದ್ದ. ತಮ್ಮ ಕಡೆ ಕಾಯಿ ಎಂದರೆ ಚಟ್ನಿಗೆ ಇರಬಹುದು. ನಮ್ಮಲ್ಲಿ ಕಾಯನ್ನು ಸಿಪ್ಪೆ ಸಮೇತ ಬಿದಿರಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ಕೆಳಗಿನ ಒಲೆಯ ಬಿಸಿ, ಹೊಗೆ ತಾಕಿ ಒಳಗಿನ ನೀರು ಇಂಗಬೇಕು. ಆಮೇಲೆ ಮನೆಯ ಹಿರಿಯ ಅಟ್ಟ ಹತ್ತಿ ಒಂದು ಕಾಯಿ ಕುಲುಕುತ್ತಾನೆ. ಒಳಗೆ ಕೊಬ್ಬರಿ ಗಿಟುಕು ಗಡಗಡ ಎಂದರೆ ಇಳಿಸಬಹುದು. ಕೆಂಚಮ್ಮ ಮತ್ತು ಅವಳ ಹೆಣ್ಣುಮಕ್ಕಳ ಮುಂದಿನ ವರ್ಷದ ಅನ್ನ ಆ ಅಟ್ಟದ ಮೇಲಿದೆ.

ತಿಥಿ ಮುಗಿದ ಮಾರನೆಯ ದಿನ ಗಿಡ್ಡಯ್ಯ ಬಂದು ಅಟ್ಟದ ಏಣಿ ಹೊತ್ತುಕೊಂಡು ಹೋದ. "ಇನ್ಮೇಲೆ ಹಿರೀಕ ನಾನು ಕಣಮ್ಮಿ. ಕುಲುಕೋನೂ ನಾನೇ, ಇಳಿಸೋನೂ ನಾನೇ" ಎಂದ. ಬೀಗವಿಲ್ಲ, ಬಡಿದಾಟವಿಲ್ಲ, ಬರೀ ಒಂದು ಏಣಿ. ಇಷ್ಟು ಅಗ್ಗವಾಗಿ ಒಂದು ಸಂಸಾರವನ್ನು ಬೀದಿಗೆ ಹಾಕಬಹುದೆಂದು ನನಗೂ ಗೊತ್ತಿರಲಿಲ್ಲ.

ಅರ್ಜಿ ಹಾಕಬಾರದಿತ್ತೆ ಎಂದು ಕೇಳುತ್ತೀರಿ. ಹಾಕಿದೆವು. ಆದರೆ ಯಾವ ತಾಲ್ಲೂಕಿಗೆ? ನಮ್ಮ ಹಟ್ಟಿ ಎರಡು ತಾಲ್ಲೂಕುಗಳ ನಡುವೆ ಇದೆ. ಹಿಂದೆ ಹಳ್ಳವೇ ಗಡಿಯಾಗಿತ್ತು. ಕೆರೆ ಒಡೆದ ವರ್ಷ ಹಳ್ಳ ದಾರಿ ಬದಲಾಯಿಸಿತು. ಅಂದಿನಿಂದ ನಾವು ತಮ್ಮವರಲ್ಲವೆಂದು ಎರಡೂ ತಾಲ್ಲೂಕಿನವರು ವಾದಿಸುತ್ತಿದ್ದಾರೆ. ರಾಜಿ ಮಾಡಿಸಲು ಬಂದ ಸರ್ವೆಯವರು ಒಂದು ಹೊಸ ಗೆರೆ ಎಳೆದರು. ಅದು ನೇರವಾಗಿ ಕೆಂಚಮ್ಮನ ಮನೆಯೊಳಗೇ ಹಾದುಹೋಯಿತು. ಅಡುಗೆಮನೆ ಮೂಡಣ ತಾಲ್ಲೂಕು, ಪಡಸಾಲೆ ಪಡುವಣ ತಾಲ್ಲೂಕು. ಆ ಗೆರೆಯನ್ನೂ ಇಬ್ಬರೂ ಒಪ್ಪಿಲ್ಲ, ನಮ್ಮನ್ನು ಆಚೆಗೆ ಅಟ್ಟುವಾಗ ಮಾತ್ರ ಅದನ್ನೇ ತೋರಿಸುತ್ತಾರೆ. ಮಲೇರಿಯಾದವರು ಮಾತ್ರ ಎರಡೂ ಕಡೆಯಿಂದ ಬಂದು ಡಿಡಿಟಿ ಹೊಡೆದು ಹೋಗುತ್ತಾರೆ. ಕೋಡಿಹಟ್ಟಿಯಲ್ಲಿ ಎರಡು ತಾಲ್ಲೂಕಿನ ಸವಲತ್ತು ಅನುಭವಿಸುತ್ತಿರುವುದು ಸೊಳ್ಳೆಗಳು ಮಾತ್ರ.

ಕೆಂಚಮ್ಮನನ್ನು ಕರೆದುಕೊಂಡು ಮಾಯಸಂದ್ರದ ಬಸ್ಸು ಹತ್ತಿ ಮೊದಲು ಮೂಡಣ ತಾಲ್ಲೂಕಿನ ನೆರವಿನ ಕಚೇರಿಗೆ ಹೋದೆ. ಗುಮಾಸ್ತರು ಕೇಳಿದರು: "ಎಲ್ಲಿ ಮಲಗ್ತೀಯಮ್ಮ?"

"ಪಡಸಾಲೇಲಿ ಸ್ವಾಮಿ."

"ಮಲಗೋ ಜಾಗವೇ ವಾಸಸ್ಥಳ. ಪಡುವಣಕ್ಕೆ ಹೋಗಿ."

ಪಡುವಣಕ್ಕೆ ಹೋದೆವು. ಅಲ್ಲಿನ ಗುಮಾಸ್ತರು ಮಲಗುವ ವಿಚಾರವನ್ನೇ ಎತ್ತಲಿಲ್ಲ. "ಒಲೆ ಎಲ್ಲಿದೆ? ಒಲೆ ಇದ್ದಲ್ಲೇ ಸಂಸಾರ" ಎಂದರು.

ನನಗೆ ತಡೆಯಲಾಗಲಿಲ್ಲ. "ಬೇಯಿಸೋದು ಒಂದು ತಾಲ್ಲೂಕು, ಮಲಗೋದು ಒಂದು ತಾಲ್ಲೂಕು. ಇವಳು ಕೂತು ಅಳೋದು ಎಲ್ಲಿ ಸ್ವಾಮಿ?" ಎಂದೆ.

"ಅದಕ್ಕೆ ಸುತ್ತೋಲೆ ಬಂದಿಲ್ಲಮ್ಮ" ಎಂದರು. ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ.

ಕೆಂಚಮ್ಮ ಸರ್ಕಾರದ ಮಾತು ಕೇಳುವ ಹೆಂಗಸು. ಮನೆಗೆ ಬಂದವಳೇ ಒಲೆ ಕಿತ್ತು ಪಡಸಾಲೆಯಲ್ಲಿ ಹೂಡಿದಳು. ಈಗ ಉಣ್ಣುವುದೂ ಮಲಗುವುದೂ ಪಡುವಣದಲ್ಲೇ ಆಯಿತೆಂದು ಅರ್ಜಿ ಕೊಟ್ಟು ಬಂದೆವು. ವಾರ ಕಳೆಯಲಿಲ್ಲ, ಗಿಡ್ಡಯ್ಯ ಎದೆ ಬಡಿದುಕೊಂಡು ಓಡಿ ಬಂದ.

"ಯಾಕಮ್ಮಿ ಒಲೆ ಎತ್ತಿದ್ದು? ಹೊಗೆ ಇಲ್ದೆ ಮೇಲೆ ಕಾಯಿ ಬೂಸ್ಟು ಹಿಡೀತವೆ ಕಣಮ್ಮಿ!"

"ಯಾರ ಕಾಯಿ ಭಾವ?"

"ಯಾರದಾದ್ರೂ ಆಗ್ಲಿ ಬುಡು, ಮೊದ್ಲು ಬೆಂಕಿ ಹಾಕು!"

ನಾನು ನನ್ನ ಜಗಲಿಯಿಂದಲೇ ಕೂಗಿದೆ: "ಲೋ ಗಿಡ್ಡ, ಕಾಯಿ ನಿಂದಾದ್ರೆ ನೀನೇ ಕೂತು ಊದ್ಲಾ."

ಅವನು ಕೂತು ಊದಿದ! ಬರಿದಾದ ಅಡುಗೆಮನೆಯಲ್ಲಿ ಕಲ್ಲಿಟ್ಟು, ತೆಂಗಿನ ಮಟ್ಟೆ ತುಂಬಿ, ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಊದಿದ. ಅವನ ಹೆಂಡತಿ ಪುಟ್ಟಗಂಗಮ್ಮ ಬಾಗಿಲಲ್ಲಿ ನಿಂತು, "ನಮ್ಮನೇಲಿ ಒಂದಿನ ಒಲೆ ಮುಂದೆ ಕುಕ್ಕರಿಸ್ದೋನಲ್ಲ, ಇಲ್ಲಿ ನೋಡ್ರೀ ಭಂಗಿಯ" ಎಂದಾಗ ಹಟ್ಟಿಗೆ ಹಟ್ಟಿಯೇ ನಕ್ಕಿತು.

ಕೆಂಚಮ್ಮ ನಗಲಿಲ್ಲ. ಅವಳ ಸಂಕಟ ತಮಗೆ ಅರ್ಥವಾಗುತ್ತದೆಯೇ? ಅಟ್ಟದ ಕೆಳಗೆ ಒಲೆ ಹಚ್ಚಿದರೆ ಕೊಬ್ಬರಿ ಒಣಗಿ ಗಿಡ್ಡಯ್ಯನ ಪಾಲಾಗುತ್ತದೆ. ಹಚ್ಚದಿದ್ದರೆ ಕೊಳೆಯುವುದು ಅವಳ ಮಕ್ಕಳ ಅನ್ನ. ಗಿಡ್ಡಯ್ಯನ ಉತ್ಸಾಹ ಒಂದು ಮಧ್ಯಾಹ್ನಕ್ಕೇ ಇಳಿಯಿತು. ಮರುದಿನ ಅವಳೇ ಒಲೆಯನ್ನು ವಾಪಸು ಒಯ್ದಳು. "ಯಾರಾದ್ರೂ ತಿನ್ಲಿ ಗೌಡತಿ, ನಮ್ಮನೆಯವ್ರು ಕೈಯಾರ ಪೇರಿಸಿದ ಕಾಯಿ ಕೊಳೆಯೋದ ನೋಡಕ್ಕಾಗಕಿಲ್ಲ" ಎಂದಳು. ಅಷ್ಟರಲ್ಲಿ ಪಡುವಣ ತಾಲ್ಲೂಕಿನವರು ಸ್ಥಳ ಪರಿಶೀಲನೆಗೆ ಬಂದರು. ಅರ್ಜಿ ತಿರಸ್ಕೃತವಾಯಿತು. ಕಾರಣ: "ಒಲೆ ಸ್ಥಳದಲ್ಲಿ ಕಂಡುಬಂದಿಲ್ಲ."

ಕೋಡಿಹಟ್ಟಿಯಿಂದ ಕೋರ್ಟಿಗೆ ಬಸ್ಸಿದೆ, ಆದ್ದರಿಂದ ನೆರವು ಸುಲಭವಾಗಿ ಲಭ್ಯ ಎಂದೂ ತಾವು ಬರೆದಿದ್ದೀರಿ. ಬಸ್ಸು ಇದೆ. ಇಳಿದ ಮೇಲೆ ನಮಗಾಗಿ ತೆರೆಯುವ ಕಿಟಕಿ ಇಲ್ಲ. ಹೈಸ್ಕೂಲು ಓದಿದ ನಾನೇ ಎರಡು ಕಚೇರಿಗಳ ನಡುವೆ ಚೆಂಡಾದೆ. ಅಕ್ಷರ ಬಾರದ ಕೆಂಚಮ್ಮ ಒಬ್ಬಳೇ ಹೋಗಿದ್ದರೆ ಏನಾಗುತ್ತಿತ್ತು? ಇದನ್ನು ಅಳೆಯಲು ತಾನೇ ತಮ್ಮನ್ನು ಜೀಪು ಕೊಟ್ಟು ಕಳಿಸಿದ್ದು?

ಕಾರ್ತೀಕ ಕಳೆಯುವುದರೊಳಗೆ ಕಾಯಿ ಗಡಗಡ ಎನ್ನುತ್ತವೆ. ಕೊಬ್ಬರಿ ತಿಪಟೂರಿನ ಮಂಡಿ ಸೇರಿದ ಮೇಲೆ ಬರುವ ತೀರ್ಪನ್ನು ಮಕ್ಕಳಿಗೆ ಬೇಯಿಸಿ ಹಾಕಲಾಗುವುದಿಲ್ಲ. ಆದ್ದರಿಂದ ಆ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಎರಡೂ ತಾಲ್ಲೂಕಿನಿಂದ ಒಬ್ಬೊಬ್ಬ ವಕೀಲರನ್ನು ಕರೆತನ್ನಿ. ನನ್ನ ಜಗಲಿಯಲ್ಲಿ ಕೂತು ಕೆಂಚಮ್ಮನನ್ನೇ ಕೇಳಿ. ಅವಳ ಕಾಯನ್ನು ಬೇರೆ ಯಾರೂ ಮುಟ್ಟದಂತೆ ಕೋರ್ಟಿನ ತಡೆ ತರಿಸಿ. ಊಟ ನಮ್ಮಲ್ಲೇ, ಆದರೆ ವಿಚಾರಣೆ ಮುಗಿದ ಮೇಲೆ.

ತಾವು ಬಾರದಿದ್ದರೆ ನನ್ನ ಮನೆಯ ಏಣಿ ತಂದು ಆ ಅಟ್ಟವನ್ನು ನಾನೇ ಹತ್ತುತ್ತೇನೆ. ಅರವತ್ತು ದಾಟಿದೆ, ಮಂಡಿ ಹಿಡಿದಿದೆ, ಆದರೂ ಹತ್ತುತ್ತೇನೆ. ಕಾಯಿ ಇಳಿಸಿ ಕೆಂಚಮ್ಮನ ಮಡಿಲಿಗೆ ಹಾಕುತ್ತೇನೆ. ಗಿಡ್ಡಯ್ಯ ನನ್ನ ಮೇಲೆ ಕಳ್ಳತನದ ದೂರು ಕೊಡಲಿ. ಯಾವ ಠಾಣೆಗೆ ಕೊಡುತ್ತಾನೆ? ನನ್ನನ್ನು ಹಿಡಿಯಬೇಕಾದರೆ ಯಾರಾದರೂ ಒಬ್ಬರು ಆ ಮನೆ ತಮ್ಮ ತಾಲ್ಲೂಕಿನದೆಂದು ಬರೆದುಕೊಡಲೇಬೇಕು. ಬರೆದುಕೊಟ್ಟ ದಿನವೇ ಅದರ ನಕಲು ಲಗತ್ತಿಸಿ ಕೆಂಚಮ್ಮನ ಅರ್ಜಿಯನ್ನು ಅದೇ ತಾಲ್ಲೂಕಿಗೆ ಹಾಕಿಸುತ್ತೇನೆ.

ಇಂತಿ,
ಅನ್ಯಮಾರ್ಗ ಕಾಣದೆ ಆರೋಪಿಯಾಗಲು ಹೊರಟಿರುವ
ಚಿಕ್ಕಗೌರಮ್ಮ
ಕೋಡಿಹಟ್ಟಿ
(ತಾಲ್ಲೂಕು: ತಾವೇ ತುಂಬಿಕೊಳ್ಳತಕ್ಕದ್ದು)