ಕಸ್ತೂರಿಯ ಕಾರ್ಡಿನಲ್ಲಿ ನನ್ನ ಬಸುರು

ಅವ್ವಾ,

ಈ ಕಾಗದವನ್ನು ನೀನು ಯಾರ ಕೈಲಿ ಓದಿಸಿಕೊಳ್ಳುತ್ತೀಯೋ ನನಗೆ ಗೊತ್ತಿಲ್ಲ. ಅಕ್ಷರದ ಮಟ್ಟಿಗೆ ನಿನಗೆ ಬಸ್ಸಿನ ಬೋರ್ಡೂ ಒಂದೇ, ಗೋಡೆಯ ಜಾಹೀರಾತೂ ಒಂದೇ. ಅಲ್ಲಿಯೂ ಕನ್ನಡ ಶಾಲೆ ಕಲಿತವರು ಯಾರಾದರೂ ಇದ್ದೇ ಇರುತ್ತಾರೆ. ಬಾಯಿ ಬಿಗಿ ಹಿಡಿಯುವವರನ್ನು ನೋಡಿ ಕೂರಿಸಿಕೊ. ಊರಿಗೆಲ್ಲ ಹಂಚುವ ಸುದ್ದಿ ಇದಲ್ಲ. ಮೊದಲನೆಯದನ್ನು ಮಾತ್ರ ಯಾರಿಗೆ ಬೇಕಾದರೂ ಹೇಳು: ನಿನ್ನ ಮಹಾದೇವಿಗೆ ಈಗ ಐದು ತಿಂಗಳು. ಪುಣೆ ಹತ್ತಿರದ ಪಿಂಪ್ರಿಯ ನಮ್ಮ ಸಾಲುಮನೆಯ ಹೊಸ್ತಿಲಲ್ಲಿ ಕೂತು, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಾ ಬರೆಯುತ್ತಿದ್ದೇನೆ. ಕಾಗದದ ಮೇಲೆ ಕೆಂಪು ಕಲೆ ಕಂಡರೆ ಅದು ಖಾರ, ಗಾಬರಿಯಾಗಬೇಡ.

ನಾವು ಪುಣೆಗೆ ದುಡಿಯಲು ಬಂದಿದ್ದಾಗ, ಇಲ್ಲಿನ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ನೀನು ನನ್ನ ಕೈ ಹಿಡಿದು ದರದರ ಎಳೆದುಕೊಂಡು ನಡೆದ ದಿನ ನೆನಪಿದೆಯಾ? ನನಗೆ ಆಗ ಆರು ವರ್ಷ. ನಿನ್ನ ಹೊಟ್ಟೆಯಲ್ಲಿ ತಮ್ಮನಿದ್ದ. ನಾವು ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಮುಂಜಾನೆಯಿಂದ ಕೂತಿದ್ದೆವು. ನಿನ್ನನ್ನು ಒಳಗೆ ಕರೆದರು. ನೀನು ಹೋದಷ್ಟೇ ಬೇಗ ಹೊರಗೆ ಬಂದೆ, ಚೀಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು. ದಾರಿಯಲ್ಲಿ ನನಗೊಂದು ವಡಾಪಾವ್ ಕೊಡಿಸಿ, "ಯಾರರ ಕೇಳಿದ್ರ ಬಾಜಾರಕ್ಕ ಹೋಗಿದ್ವಿ ಅನ್ನು" ಎಂದೆ. ಯಾರೂ ಕೇಳಲೇ ಇಲ್ಲ ಅವ್ವ. ನಾನು ಮಾತ್ರ ಹದಿನೆಂಟು ವರ್ಷದಿಂದ ಕೇಳುತ್ತಲೇ ಇದ್ದೇನೆ: ಆ ಬಾಗಿಲಿನ ಒಳಗೆ ಏನಾಯಿತು? ತಮ್ಮನು ನಮ್ಮೂರಿನಲ್ಲಿ ಹುಟ್ಟಿ, ಎಂಟು ತಿಂಗಳಿಗೆ ತೀರಿಹೋದ. ನೀನು ಸೊರಗುತ್ತಾ ಸೊರಗುತ್ತಾ, ನನಗೆ ಹನ್ನೊಂದು ತುಂಬುವ ಹೊತ್ತಿಗೆ ನೀನೂ ಹೋದೆ. ಜನ ಟಿಬಿ ಎಂದರು. ಕೆಲವರು ಏನೋ ಹೇಳಲು ಬಾಯಿ ತೆರೆದು, ನನ್ನನ್ನು ಕಂಡು ಸುಮ್ಮನಾದರು.

ಮೂರನೇ ತಿಂಗಳಲ್ಲಿ ಕಸ್ತೂರಿ ಅಕ್ಕ ತನ್ನ ಆಧಾರ್ ಕಾರ್ಡನ್ನು ನನ್ನ ಕೈಗೆ ತುರುಕಿದ್ದನ್ನು ನೀನು ನೋಡಿದ್ದರೆ ನಗುತ್ತಿದ್ದೆ. ಕಸ್ತೂರಿ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಪಕ್ಕದ ಖೋಲಿಯಲ್ಲೇ ಇರುತ್ತಾಳೆ. ನನ್ನ ಆಧಾರ್‌ನಲ್ಲಿ ಇನ್ನೂ ಅಪ್ಪನ ಹೆಸರು, ಸೇಡಂ ಕಡೆಯ ನಮ್ಮೂರಿನ ವಿಳಾಸ. "ಇಲ್ಲಿ ದವಾಖಾನಿಗೆ ಇಲ್ಲೀದೇ ಪತ್ತೆ ಬೇಕು. ನಂದು ತಗೊಂಡು ಹೋಗು, ಫೋಟೋದಾಗ ಯಾರ ಮಾರಿ ಯಾರಿಗೆ ಗೊತ್ತಾಗತದ?" ಎಂದಳು. ನಮ್ಮ ಸಾಲಿನ ಹೆಂಗಸರೆಲ್ಲ ಹೀಗೇ ಮಾಡುತ್ತಾರೆ. ಸೌಟು, ಒರಳು ಎರವಲು ತರುವ ಹಾಗೆ ಹೆಸರನ್ನೂ ತರುತ್ತಾರೆ. ಹಾಗಾಗಿ ಆಸ್ಪತ್ರೆಯಲ್ಲಿ ನಾನು ಕಸ್ತೂರಿ. ಮೂರು ಸಲ ಕೂಗಿದ ಮೇಲೆ, ಅದು ನಾನೇ ಎಂದು ಹೊಳೆದು ಎದ್ದು ನಿಲ್ಲುತ್ತಿದ್ದೆ. ತಮಾಷೆ ಕೇಳು, ಎರಡು ಮಕ್ಕಳಾದ ಮೇಲೆ ಕಸ್ತೂರಿಗೆ ಆಪರೇಷನ್ ಆಗಿದೆ. ಕಾಗದದಲ್ಲಿ ಮಾತ್ರ ಅವಳಿಗೆ ಐದು ತಿಂಗಳು!

ಹೋದ ವಾರ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಒಬ್ಬ ಮೇಡಂ ನನ್ನನ್ನು ಎದುರು ಕೂರಿಸಿಕೊಂಡರು. ರಕ್ತ ಕೊಡಲು ಮೊದಲೇ ಎರಡು ಸಲ ಕರೆದಿದ್ದರು, ಸೂಜಿಗೆ ಹೆದರಿ ತಪ್ಪಿಸಿಕೊಂಡಿದ್ದೆ. ಈ ಸಲ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಅವರು ಬಾಗಿಲು ಮುಂದೆ ಮಾಡಿ, ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಬಸುರಿಯರಿಗೆಲ್ಲ ಮಾಡುವ ಪರೀಕ್ಷೆಗಳಲ್ಲಿ ಎಚ್‌ಐವಿಯದೂ ಒಂದು, ಮಾಡಿಸಿಕೊಳ್ಳುವುದು ಬಿಡುವುದು ನಿನ್ನ ಇಷ್ಟ, ಬೇಡವೆಂದರೂ ತಪಾಸಣೆ, ಹೆರಿಗೆ ಎಲ್ಲ ಇಲ್ಲೇ ಮಾಡುತ್ತೇವೆ. ಅವ್ವಾ, "ಬೇಕಾ, ಬೇಡವಾ" ಎಂದು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮದುವೆಯಲ್ಲಿಯೂ ಕೇಳಿರಲಿಲ್ಲ. ನನಗೆ ಹೆದರಿಕೆಗಿಂತ ಮೊದಲು ಕುತೂಹಲ ಎದ್ದಿತು, ನಿನ್ನ ಮಗಳಲ್ಲವೇ.

ಕೂಲಿಯ ಲೆಕ್ಕ ಕೇಳಿ ಕೇಳಿ ನೀನು ಮೇಸ್ತ್ರಿಯನ್ನು ಕಾಡುತ್ತಿದ್ದ ಹಾಗೆ ನಾನು ಅವರನ್ನು ಕಾಡಿದೆ. ಅಷ್ಟು ಚೂರು ರಕ್ತಕ್ಕೆ ಹೇಗೆ ಗೊತ್ತಾಗುತ್ತದೆ? ಮೈಯಲ್ಲಿ ಏನೂ ಕಾಣದೆ ಅದು ಒಳಗೆ ಇರಬಹುದೇ? ಇರಬಹುದು, ವರ್ಷಗಟ್ಟಲೆ ಇರಬಹುದು ಎಂದರು. ಕೂಸು ನನ್ನ ರಕ್ತವನ್ನೇ ಕುಡಿಯುತ್ತದಾ? ನಕ್ಕರು. ಹಾಗಲ್ಲ, ಆದರೆ ಹೊಟ್ಟೆಯಲ್ಲಿದ್ದಾಗ, ಹೆರಿಗೆಯಲ್ಲಿ, ಹಾಲಿನಲ್ಲಿ ದಾಟಬಹುದು. ಈಗಲೇ ಗೊತ್ತಾದರೆ ತಾಯಿಗೆ ದಿನಾ ಗುಳಿಗೆ ಕೊಡುತ್ತೇವೆ, ಆಗ ಕೂಸಿಗೆ ದಾಟುವುದು ತೀರಾ ಅಪರೂಪ, ತಾಯಿಯೂ ಎಲ್ಲರಂತೆ ಬಾಳಬಹುದು ಎಂದರು. ಫಲಿತಾಂಶ ಯಾರಿಗೆ ಹೇಳುತ್ತೀರಿ? "ನಿನಗೊಬ್ಬಳಿಗೇ." ನನಗೊಬ್ಬಳಿಗೇ! ಆಮೇಲೆ ಅವರು ಒಪ್ಪಿಗೆಯ ಕಾಗದ ಮುಂದಿಟ್ಟು, "ಕಸ್ತೂರಿ, ಇಲ್ಲಿ ಸಹಿ" ಎಂದರು. ನನ್ನ ಕೈ ನಿಂತುಬಿಟ್ಟಿತು. ಯಾರ ಸಹಿ ಹಾಕಲಿ? ಬುಧವಾರ ಬಂದು ಹೇಳುತ್ತೇನೆ ಎಂದು ಎದ್ದೆ. ಗೇಟಿನ ಹೊರಗೆ ಬಂದಾಗ, ಆವತ್ತಿನ ನಿನ್ನ ಹಾಗೆಯೇ, ಕಾಲು ತಾನಾಗಿ ಸರಸರ ನಡೆಯುತ್ತಿತ್ತು.

ಕಸ್ತೂರಿ ಅಕ್ಕ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಾಗ ವಿಷಯ ಹೇಳಿದೆ. ಅವಳ ಕೈಯ ತಟ್ಟೆ ಜಾರಿತು. "ಏ ಹುಚ್ಚಿ, ಬಸುರು ನನ್ನ ಹೆಸರಿಗಿರ್ಲಿ, ಬಿಪಿ ಇರ್ಲಿ, ಶುಗರ್ ಇರ್ಲಿ. ಈ ಜಡ್ಡಿಂದು ಮಾತ್ರ ನನ್ನ ಹೆಸರ ಮ್ಯಾಲ ಬ್ಯಾಡ. ನಾಳಿ ಏನರ ಹೆಚ್ಚುಕಮ್ಮಿ ಆದ್ರ ನನ್ನ ಮಗಗ ಯಾರು ಹೆಣ್ಣು ಕೊಡ್ತಾರ?" ಮಗನಿಗೆ ಇನ್ನೂ ಎಂಟು ವರ್ಷ. "ಇಲ್ಲ ಅಂತ ಬಂದ್ರ?" ಎಂದೆ. "ಬಂದ್ರೂ, ಯಾಕ ನೋಡಿಸ್ಕೊಂಡ್ಲು ಅಂತ ಮಂದಿ ಕೇಳಂಗಿಲ್ಲೇನು? ಸುಮ್ಮ ಒಲ್ಲೆ ಅಂದು ಬಾ. ಒಲ್ಲೆ ಅಂದ್ರ ನಡೀತದ ಅಂದಾರಲ್ಲ." ಅವಳ ಮೇಲೆ ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾರ್ಡು ಕೊಟ್ಟವಳೂ ಅವಳೇ ಅಲ್ಲವೇ?

ಮರುದಿನ ಇವರು ರಾಂಜಣಗಾಂವದ ಕಂಪನಿ ಬಸ್ಸಿಗೆ ಹೊರಟಾಗ, ಡಬ್ಬಿ ಕಟ್ಟುತ್ತಾ ಮಾತು ತೆಗೆದೆ. ನಿನ್ನ ಅಳಿಯನ ಹೆಸರು ಭೀಮಾಶಂಕರ. ಒಳ್ಳೆಯವರು, ಮೂಗಿನ ತುದಿಯಲ್ಲಿ ಸ್ವಲ್ಪ ಸಿಟ್ಟು. "ಯಾಕ, ನನ್ನ ಮ್ಯಾಲ ಅನುಮಾನ ಅದ ಏನು?" ಎಂದರು. "ಶುಗರ್ ನೋಡ್ತೀವಿ ಅಂದಾಗ ನಿಮಗ ಸಿಟ್ಟು ಬರಲಿಲ್ಲಲ್ರಿ?" ಎಂದೆ. ಡಬ್ಬಿ ಅಲ್ಲೇ ಬಿಟ್ಟು ಹೋದರು. ಮಧ್ಯಾಹ್ನ ಫೋನ್ ಮಾಡಿ, "ಉಂಡ್ಯಾ?" ಎಂದಷ್ಟೇ ಕೇಳಿ ಇಟ್ಟರು. ಅವರ ಡಬ್ಬಿಯನ್ನು ನಾನೇ ಉಂಡಿದ್ದೆ, ಹೇಳಲಿಲ್ಲ.

ಭಾನುವಾರ ನಿನ್ನ ನೆಗೆಣ್ಣಿ, ಆಗ ಪುಣೆಯಲ್ಲಿ ನಮ್ಮ ಜೊತೆಗೇ ಇದ್ದ ನಮ್ಮ ದೊಡ್ಡವ್ವ ಶರಣವ್ವ, ಊರಿಂದ ಫೋನ್ ಮಾಡಿದಳು. ಏನು ತಿನ್ನುತ್ತೀ, ಹೇಗೆ ಮಲಗುತ್ತೀ ಎಂದೆಲ್ಲ ಕೇಳಿದ ಮೇಲೆ ನಾನು ಸುಮ್ಮನೆ ಇರಲಾರದೆ ಕೇಳಿಯೇ ಬಿಟ್ಟೆ: ದೊಡ್ಡವ್ವ, ನಮ್ಮವ್ವ ಆವತ್ತು ಶಿವಾಜಿನಗರದ ಆಸ್ಪತ್ರೆಯಿಂದ ಯಾಕೆ ಓಡಿ ಬಂದಳು? ಆ ಕಡೆ ದೊಡ್ಡವ್ವ ಎದ್ದು ಬಾಗಿಲು ಎಳೆದುಕೊಂಡ ಸದ್ದು ಕೇಳಿತು.

"ಹೆದರಿ ಓಡಿ ಬರಲಿಲ್ಲವ್ವ ಆಕಿ. ರಕ್ತ ತಗದು ಆ ದೊಡ್ಡ ರೋಗ ಅದನೋ ಇಲ್ಲೋ ನೋಡ್ತೀವಿ ಅಂದ್ರಂತ. ಚೀಟಿ ಮ್ಯಾಲ ನನ್ನ ಹೆಸರಿತ್ತು, ನನ್ನ ರೇಷನ್ ಕಾರ್ಡು ತಗೊಂಡು ಹೋಗಿದ್ಲು. 'ಅಕ್ಕಾ, ನಾಳಿ ಏನರ ಬಂದ್ರ ನಿನ್ನ ಹೆಸರಿಗೆ ಹತ್ತತದ, ಅದಕ್ಕ ಎದ್ದು ಬಂದೆ' ಅಂದ್ಲು. ನಾ ಏನು ಅನಲಿ? ಛಲೋ ಮಾಡಿದಿ ಅಂದೆ." ದೊಡ್ಡವ್ವ ಅಳಲಿಲ್ಲ. ಮೂಗು ಎಳೆದುಕೊಂಡು, "ಛಲೋ ಮಾಡಿದಿ ಅಂತ ಅನಬಾರದಿತ್ತು ನಾ" ಎಂದಳು.

ಹಾಗಾದರೆ ನಿನ್ನ ರಕ್ತದಲ್ಲಿ ಅದು ಇತ್ತಾ ಅವ್ವ? ತಮ್ಮನಿಗೆ ದಾಟಿತ್ತಾ? ನನಗೆ...? ಇಪ್ಪತ್ತನಾಲ್ಕು ವರ್ಷ ನೆಗಡಿ ಬಿಟ್ಟು ಏನೂ ಆಗದವಳಿಗೆ ಅದು ಇರಲಿಕ್ಕಿಲ್ಲ ಎಂದು ತಲೆ ಹೇಳುತ್ತದೆ, ಹೊಟ್ಟೆ ಮಾತ್ರ ಒಪ್ಪುವುದಿಲ್ಲ. ಒಳಗಿನದು ಆಗ ತಾನೇ ಒದೆಯಲು ಕಲಿತಿತ್ತು. ಒಲ್ಲೆ ಅಂದುಬಿಟ್ಟರೆ ಕಸ್ತೂರಿಯ ಹೆಸರು ಉಳಿಯುತ್ತದೆ, ಮನೆಯಲ್ಲಿ ಡಬ್ಬಿ ಸರಿಯಾಗಿ ಹೋಗುತ್ತದೆ. ಆದರೆ ನಾಳೆ ಈ ಕೂಸು ಎಂಟು ತಿಂಗಳಿಗೆ ಸೊರಗತೊಡಗಿದರೆ, ಯಾವ ಹೆಸರು ಹಿಡಿದು ಅಳಲಿ? ನೀನು ಬೇಡ ಅಂದವಳಲ್ಲ. ಬೇಕು ಅನ್ನಲು ನಿನ್ನ ಹತ್ತಿರ ನಿನ್ನದೇ ಹೆಸರು ಇರಲಿಲ್ಲ, ಅಷ್ಟೇ. ಅದು ತಿಳಿದ ಮೇಲೆ ನಾನು ಅತ್ತೆ.

ಬುಧವಾರ ಮೇಡಂ ಎದುರು ಕೂತವಳೇ, ಎರಡೂ ಕಾರ್ಡು ಮೇಜಿನ ಮೇಲಿಟ್ಟು ಹೇಳಿದೆ: ನಾನು ಕಸ್ತೂರಿಯಲ್ಲ. ಇವಳು ಕಸ್ತೂರಿ, ಇವಳಿಗೆ ಆಪರೇಷನ್ ಆಗಿದೆ, ಪಾಪ. ನಾನು ಮಹಾದೇವಿ. ಪರೀಕ್ಷೆ ಮಾಡಿ, ನನ್ನ ಹೆಸರಲ್ಲಿ ಮಾಡಿ. ಪೊಲೀಸರು ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದೆ. ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಈ ಪರೀಕ್ಷೆಗೆ ಪುಣೆಯ ವಿಳಾಸ ಬೇಕು ಎಂದು ಯಾರು ಹೇಳಿದರು ನಿನಗೆ ಎಂದು ಬೈದರು. ನಾಳೆ ಹೆರಿಗೆಯಲ್ಲಿ ರಕ್ತ ಬೇಕಾದರೆ, ಕೂಸಿನ ಜನನಪತ್ರದಲ್ಲಿ ತಾಯಿ ಕಸ್ತೂರಿ ಎಂದು ಬಂದರೆ ಏನು ಮಾಡುತ್ತಿದ್ದೆ ಎಂದು ಇನ್ನೂ ಬೈದರು. ಅವ್ವಾ, ಬೈಗುಳ ಇಷ್ಟು ಹಗುರಾಗಿ ಕೇಳಿದ್ದು ನನಗೆ ನೆನಪಿಲ್ಲ. ನಿನ್ನ ವಿಷಯವನ್ನೂ ಹೇಳಿದೆ. "ನಿನ್ನ ರಕ್ತ ನಿನ್ನ ಮಾತನ್ನು ಮಾತ್ರ ಹೇಳುತ್ತದೆ, ನಿನ್ನ ತಾಯಿಯದನ್ನಲ್ಲ, ಅದನ್ನು ಈಗ ತಿಳಿಯಲು ಬರುವುದಿಲ್ಲ" ಎಂದರು. ಅದೊಂದು ಕೇಳಿ ಮನಸ್ಸು ಸಣ್ಣದಾಯಿತು.

ರಕ್ತ ಕೊಟ್ಟು ಬೆಂಚಿಗೆ ಬಂದರೆ ಅಲ್ಲಿ ಭೀಮಾಶಂಕರ ಕೂತಿದ್ದರು, ಕಂಪನಿಗೆ ರಜೆ ಹಾಕಿ. "ನಂದೂ ನೋಡಲಿ. ನಿನ್ನ ಒಬ್ಬಾಕಿನೇ ಯಾಕ ಚುಚ್ಚಿಸ್ಕೊಬೇಕು?" ಎಂದು ಗೋಡೆ ನೋಡುತ್ತಾ ಹೇಳಿದರು. ಸೂಜಿ ಕಂಡು ಅವರ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತು. ಒಂದು ತಾಸು ಕಾದೆವು. ಆ ತಾಸಿನಲ್ಲಿ ಇಬ್ಬರೂ ಆಡಿದ್ದು ಒಂದೇ ಮಾತು: ಈರುಳ್ಳಿ ತಗೊಂಡು ಹೋಗಬೇಕು ಎಂದು.

ಮೇಡಂ ನನ್ನನ್ನು ಒಬ್ಬಳನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳಿದರು. ಇಲ್ಲ ಅವ್ವ. ನನ್ನ ರಕ್ತದಲ್ಲಿ ಅದು ಇಲ್ಲ. ಅವರದು ಅವರ ಮಾತು, ಬೇಕಾದರೆ ನಿನ್ನ ಅಳಿಯನೇ ನಿನಗೆ ಬರೆಯಲಿ. ನಾನು ಮಾವಿನಕಾಯಿ ತಿನ್ನುತ್ತಾ ನಗುತ್ತಿದ್ದೇನೆ ಎಂದಷ್ಟೇ ತಿಳಿದುಕೊ. ಕಸ್ತೂರಿ ಅಕ್ಕನಿಗೆ ಅವಳ ಕಾರ್ಡು ವಾಪಸು ಕೊಟ್ಟೆ. "ಏನಂತ ಬಂತು?" ಎಂದಳು. "ಅದು ನನಗೊಬ್ಬಾಕಿಗೇ" ಎಂದೆ. ಅವಳ ಮುಖ ನೋಡಲಾರದೆ ಎರಡು ದಿನಕ್ಕೆ ಹೇಳಿಬಿಟ್ಟೆ, ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಇನ್ನೊಂದು ಸುದ್ದಿ ಉಳಿದಿದೆ. ನನ್ನ ಹೆಸರಿನಲ್ಲಿ ಆಸ್ಪತ್ರೆಯ ಹೊಸ ಕಾರ್ಡು ಬರೆಯುವಾಗ ಮೇಡಂ, ತಾಯಿಗೆ ಏನು ಕಾಯಿಲೆ ಇತ್ತು ಎಂದು ಕೇಳಿದರು. ಗೊತ್ತಿಲ್ಲ, ರಕ್ತ ನೋಡುವ ಮೊದಲೇ ಎದ್ದು ಬಂದಳು ಎಂದೆ. ಮೇಡಂ ಮರಾಠಿಯಲ್ಲಿ, "ನಾವ ಕಾಯ ತ್ಯಾಂಚಂ?" ಎಂದರು, ಅವರ ಹೆಸರೇನು ಎಂದು. ಕಾರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪೆನ್ನನ್ನು ನಾನೇ ಇಸಿದುಕೊಂಡು, ಹಿಂದಿನ ಖಾಲಿ ಬದಿಯಲ್ಲಿ ಕನ್ನಡದಲ್ಲಿ ಬರೆದೆ: ಮಹಾದೇವಿ, ನೀಲವ್ವನ ಮಗಳು. ಅವರು ಅದರ ಮೇಲೆ ಆಸ್ಪತ್ರೆಯ ಮೊಹರು ಒತ್ತಿದರು.

ನಿನ್ನ
ಮಹಾದೇವಿ