ಗಾದಿಯೊಳಗೆ ಹೋದ ಹಸಿರು ತುಂಡು

೬ ಫೆಬ್ರುವರಿ ೧೯೭೯, ಮಂಗಳವಾರ

ಬೆಟಗೇರಿ ಮಕ್ಕಳ ಆಶ್ರಮ. ಮೂರನೇ ದಿನ. ಇಪ್ಪತ್ತೆರಡು ಗಾದಿ ಬಿಚ್ಚಿ, ಹತ್ತಿ ಹಿಂಜಿ ಮತ್ತೆ ತುಂಬುವ ಕೆಲಸ. ಹಿಂಜುವ ಬಿಲ್ಲು ಟೊಂಯ್ ಅಂದರೆ ಸಾಕು, ಮಕ್ಕಳು ಕುಣಿಯುತ್ತವೆ. ಡೆನ್ಮಾರ್ಕಿನಿಂದ ಸೇವೆಗೆ ಬಂದ ಇಂಗ್ರಿಡ್ ಬಾಯಿಯೂ ಕುಣಿದಳು. ಹತ್ತಿ ಮೂಗಿಗೇರಿ ಹನ್ನೊಂದು ಸೀನು. ಎಣಿಸಿದ್ದೇನೆ.

"ರಹಮಾನಸಾಬ, ನಮ್ಮೂರು... ಮ್ಯಾಲಿಂದ ಹಿಂಗ ಬೀಳತೈತಿ. ಬಿಳಿ. ಥಂಡಿ."

"ಹಂಗಾರ ಮ್ಯಾಲೆ ನಮ್ಮ ಪಿಂಜಾರ ಯಾವನೋ ಅದಾನ ಬಿಡ್ರಿ ಬಾಯಾರ!"

ನಾನಂದದ್ದಕ್ಕೆ ಎಲ್ಲರೂ ನಕ್ಕರು. ಶೇಖವ್ವ ನಗಲಿಲ್ಲ. ಆರು ವರ್ಷ. ಬಂದು ಒಂದು ತಿಂಗಳು. ಕೈಯಲ್ಲಿ ಸದಾ ಒಂದು ಹಸಿರು ತುಂಡು — ಸತ್ತ ಅವ್ವನ ಸೀರೆಯದು. ಮಲಗುವುದು ಬಾಯಿಯ ಮಡಿಲಲ್ಲಿ ಮಾತ್ರ. ಬಾಯಿ ಶನಿವಾರ ಊರಿಗೆ ಹೊರಡುತ್ತಾಳೆ.

೮ ಫೆಬ್ರುವರಿ

ತಪ್ಪು ನನ್ನದೇ. ಹತ್ತಿ ಕಡಿಮೆ ಬಿದ್ದರೆ ಹಳೇ ಅರಿವೆ ತುರುಕುವುದು ನಮ್ಮ ಪದ್ಧತಿ. ನಿನ್ನೆ ಕಟ್ಟೆಯ ಮೇಲಿನ ಚಿಂದಿಯೆಲ್ಲ ಬಾಚಿ ತುಂಬಿ ಹೊಲಿದೆ. ಶೇಖವ್ವ ಸ್ನಾನಕ್ಕೆ ಹೋಗುವಾಗ ಹಸಿರು ತುಂಡನ್ನು ಅಲ್ಲೇ ಇಟ್ಟಿದ್ದಳಂತೆ. ಯಾವ ಗಾದಿಗೆ ಹೋಯಿತೋ, ಅಲ್ಲಾಗೇ ಗೊತ್ತು.

ಹುಡುಗಿ ರೊಟ್ಟಿ ಮುಟ್ಟಿಲ್ಲ. ಅಡುಗೆಯ ಗುರುಸಿದ್ದವ್ವ ಸೌಟು ಹಿಡಿದೇ ಬಂದಳು.

"ದಿನಾ ಚ್ಯಾಷ್ಟಿ ಮಾಡತಿದ್ದೆಲ್ಲೋ! ಈಗ ನಗಸು, ನೋಡೂಣು!"

ಗಾದಿಗಳನ್ನು ಮತ್ತೆ ಬಿಚ್ಚಲು ಕತ್ತರಿ ತೆಗೆದುಕೊಂಡೆ.

೯ ಫೆಬ್ರುವರಿ, ಮಧ್ಯಾಹ್ನ

ಜುಮ್ಮಾ ನಮಾಜು ತಪ್ಪಿತು. ಇಂಗ್ರಿಡ್ ಬಾಯಿ ಹೊಲಿಗೆ ಬಿಚ್ಚಿದಳು, ನಾನು ತಡಕಿದೆ. ಹದಿನೇಳನೆಯದರಲ್ಲಿ ಸಿಕ್ಕಿತು!

ಶೇಖವ್ವ ಮೂಸಿದಳು. ಹತ್ತಿ ಒತ್ತಿ ನೋಡಿದಳು.

"ಒಳಗ ಇಡು ಕಾಕಾ. ನನ್ನ ಗಾದ್ಯಾಗ. ಅಲ್ಲಿದ್ರ ಕಳಿಯೂದಿಲ್ಲ."

ಆಮೇಲೆ ಬಾಯಿಯ ಮುಂದೆ ಕೈ ಚಾಚಿದಳು. "ಅಕ್ಕಾ, ನಿಂದೂ ಕೊಡು."

ಬಾಯಿ ತಲೆಗೆ ಕಟ್ಟಿದ್ದ ಹಳದಿ ಬಟ್ಟೆ ಬಿಚ್ಚಿ ಕೊಟ್ಟಳು. ಕಣ್ಣೊರೆಸಿಕೊಳ್ಳಲು ಏನೂ ಉಳಿಯಲಿಲ್ಲ, ಪಾಪ.

೧೦ ಫೆಬ್ರುವರಿ, ಸಂಜೆ

ಬಾಯಿ ಬೆಳಗಿನ ರೈಲಿಗೆ ಹೋದಳು. ಶೇಖವ್ವ ಸ್ಟೇಶನ್ನಿಗೆ ಹೋಗಲಿಲ್ಲ. ತನ್ನ ಗಾದಿ ಕಾಯುತ್ತ ಕುಳಿತಳು. ಉಳಿದವೆಲ್ಲ ಹೊಲಿದಾಯಿತು. ಅವಳದೊಂದೇ ಬಾಕಿ. ಸೂಜಿ ಚುಚ್ಚುವಷ್ಟರಲ್ಲಿ ಕೈ ಹಿಡಿದಳು.

"ನಾಳಿಗೆ ನೀನೂ ಬರೂದಿಲ್ಲಲ್ಲ?"

"ಕೆಲಸ ಮುಗೀತಲ್ಲವಾ..."

ನನ್ನ ತಲೆಯ ಟವೆಲ್ಲಿನ ಮೇಲೇ ಅವಳ ಕಣ್ಣು.

"ಲೇ, ಇದು ನಾರತೈತಿ!"

"ನಾರಲಿ."

ಮೂಗು ಮುಚ್ಚಿಕೊಂಡೇ ಕಸಿದುಕೊಂಡಳು. ನಕ್ಕಳು — ಹಲ್ಲು ಬಿದ್ದ ಸಂದಿ ಕಾಣುವ ಹಾಗೆ. ತುದಿಯಷ್ಟೇ ಕತ್ತರಿಸಿ ಕೊಡಲು ಹೋದೆ. ಬೇಡವಂತೆ. ಪೂರಾ ಬೇಕಂತೆ. ಈಗ ಬರಿದಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ; ಟವೆಲ್ಲು ಹಸಿರು, ಹಳದಿ ತುಂಡುಗಳ ಜೊತೆ ಅವಳ ಗಾದಿಯೊಳಗೆ.