ಹದಿನೇಳನೇ ಬಿಲ್ಲೆ

ನವೆಂಬರ್ 6, ಬೆಳಿಗ್ಗೆ 8.10

ಹಾಸಿಗೆಯಲ್ಲಿ ಮತ್ತೆ ಮರಳು. ಎಷ್ಟು ಕೊಡವಿದರೂ ಕಾಲ ಬುಡದಲ್ಲಿ ಒಂದು ಹಿಡಿ ಉಳಿದೇ ಇರುತ್ತದೆ. "ದಿನಾ ಸ್ವಲ್ಪ ಸ್ವಲ್ಪ ತಂದು ಸಮುದ್ರಾನೇ ಮನೆಗೆ ಸಾಗಿಸ್ತಿದೀಯ," ಅಂತ ಇವರ ದೂರು. ಬಂದು ಹನ್ನೊಂದು ದಿನ. ಬಾಗಿಲ ಚಿಲಕ ಆಗಲೇ ಕಿರುಗುಟ್ಟುತ್ತಿದೆ. ಉಪ್ಪಿನ ಡಬ್ಬಿ ನೀರು ಬಿಟ್ಟಿದೆ. ಪುಸ್ತಕಗಳು ತೇವಕ್ಕೆ ಉಬ್ಬಿ, ಮುಚ್ಚಿಟ್ಟರೂ ಅರ್ಧ ಬಾಯಿ ತೆರೆದುಕೊಂಡೇ ಇರುತ್ತವೆ. ಏನೋ ಹೇಳಲು ಹೊರಟು ನಿಲ್ಲಿಸಿದವರ ಹಾಗೆ.

ಇವರಿಗೆ ಐಸ್ ಪ್ಲಾಂಟಿನ ಕೆಲಸ ಹಿಡಿಸಿದೆ. "ಇಲ್ಲಿ ಮೀನಿಗಿಂತ ಐಸ್‌ಗೇ ಮರ್ಯಾದೆ ಜಾಸ್ತಿ." ನನಗೆ ಬೆಳಗಿನ ನಡಿಗೆ ಹಿಡಿಸಿದೆ. ಆರಕ್ಕೆ ಹೊರಟು, ಬೀಚಿನ ಮೆಟ್ಟಿಲಿಳಿದು, ಸಮುದ್ರದೊಳಕ್ಕೆ ಚಾಚಿದ ಮರಳ ಪಟ್ಟಿಯುದ್ದಕ್ಕೂ ನಡೆದು, ಕೊನೆಯ ಬಂಡೆಗಳ ಮೇಲೆ ಅರ್ಧ ಗಂಟೆ. ಪುಸ್ತಕ ತೆರೆದು ಒಂದೇ ಒಂದು ಪದ್ಯ, ಜೋರಾಗಿ. ಕೇಳುವವರಿಲ್ಲ. ಆಮೇಲೆ ಮನೆ, ಪ್ರೂಫ್ ತಿದ್ದುವುದು. ಏಳನೇ ತರಗತಿ ವಿಜ್ಞಾನ, ಇವತ್ತು ನಲವತ್ತು ಪುಟ. 'ಎಲೆಯು ಉಸಿರಾಡುತ್ತದೆ.' ನಾನೂ ಉಸಿರಾಡುತ್ತಿದ್ದೇನೆ.

ಎದುರುಮನೆಯ ಟೇಲರಮ್ಮ ದಾರಿಯಲ್ಲಿ ಸಿಕ್ಕರು. ಬೀಚಿನ ದೊಡ್ಡ ಛತ್ರಿಗಳಿಗೆ ಬಟ್ಟೆ ಹೊಲಿಯುವಾಕೆ. "ಅಕ್ಕಾ, ಎಷ್ಟೊತ್ತಿಗೆ ವಾಪಸ್ ಬರ್ತೀರಿ?" ಎಲ್ಲಿಗೆ ಹೊರಟಿರಿ ಅಂತ ಕೇಳಲಿಲ್ಲ. ಯಾವಾಗ ವಾಪಸ್ ಅಂತ.

ನವೆಂಬರ್ 8

ಮೆಟ್ಟಿಲ ಪಕ್ಕ ಒಂದು ಹಲಗೆ. ಮೊಳೆಗಳ ಸಾಲು, ಒಂದೊಂದಕ್ಕೂ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಮನೆ ನಂಬರ್. ಒಂದು ಮುಖ ಬಿಳಿ, ಇನ್ನೊಂದು ಕೆಂಪು. ಹಲಗೆಯ ಕೆಳಗಿನ ಬೆಂಚಿನಲ್ಲಿ ಸೀಟಿ ಟೀಚರ್ ಕೂರುತ್ತಾರೆ. ನಾನಿಟ್ಟ ಹೆಸರು. ಶಾಲೆಯಲ್ಲಿ ಆಟ ಆಡಿಸುತ್ತಿದ್ದವರಂತೆ. ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿಲ್ಲ.

"ಏನಿದು?" ಅಂದೆ.

"ನೀರಿಗಿಳಿದವರ ಲೆಕ್ಕ. ಇಳಿವಾಗ ಕೆಂಪು, ಎದ್ದು ಬಂದ್ಮೇಲೆ ಬಿಳಿ." ಇನ್ನೂ ಏನೋ ಹೇಳಲು ಹೊರಟರು. ನಾನು ತಲೆಯಾಡಿಸಿ ನಡೆದುಬಿಟ್ಟೆ. ಈಜುವವಳಲ್ಲ. ನನಗೇಕೆ?

ವಾಪಸ್ ಬರುವಾಗ ನೋಡಿದೆ. ಹದಿನೇಳು ಕೆಂಪು.

ಹದಿನೇಳು ನಮ್ಮ ಮನೆ.

ನವೆಂಬರ್ 9, 7.30

ಇವತ್ತು ಗಮನವಿಟ್ಟೆ. ಹೋಗುವಾಗ ಬಿಳಿ. ಬರುವಾಗ ಕೆಂಪು. ಮೆಟ್ಟಿಲು ಹತ್ತಿ, ಓಣಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದರೆ ಮತ್ತೆ ಬಿಳಿ! ಕಣ್ಕಟ್ಟಲ್ಲ.

ಇವರು ಹಲ್ಲುಜ್ಜುತ್ತಿದ್ದರು. ಕೂದಲು ಒಣಗಿತ್ತು. ಆದರೂ ಕೇಳಿದೆ.

"ನೀವು ಸಮುದ್ರಕ್ಕಿಳಿದಿದ್ರಾ?"

"ನಾನಾ? ಬಕೆಟ್ ನೀರು ಕಂಡ್ರೇ ಎರಡು ಸಲ ಯೋಚಿಸೋನು."

ಟವೆಲ್ ಮುಟ್ಟಿ ನೋಡಿದೆ. ಒಣಗಿದೆ. ಇವರು ನಾನು ಮುಟ್ಟಿದ್ದನ್ನು ನೋಡಿದರು. ಬಾಯಿ ಮುಕ್ಕಳಿಸಲು ಹೋದರು.

ನವೆಂಬರ್ 11

ಇವತ್ತು ಪದ್ಯ ಉದ್ದವಿತ್ತು, ತಡವಾಯಿತು. ಬಂಡೆಯಿಂದಿಳಿದಾಗ ಮರಳ ಪಟ್ಟಿ ಸಪೂರವಾಗಿತ್ತು, ಚಪ್ಪಲಿ ಒದ್ದೆ. ಅರ್ಧ ದಾರಿಗೆ ಬಂದಾಗ ಕಂಡಿತು, ನನ್ನ ಹೆಜ್ಜೆಗಳ ಹಿಂದೆಯೇ ಇನ್ನೊಬ್ಬರ ಹೆಜ್ಜೆ. ಪಕ್ಕದಲ್ಲಿ ಛತ್ರಿಯ ಮೊನೆ ಊರಿದ ಚುಕ್ಕಿಗಳು. ಅರ್ಧದ ತನಕ ಬಂದು, ಅಲ್ಲೇ ತುಳಿದಾಡಿ, ತಿರುಗಿ ಹೋಗಿವೆ.

ಹತ್ತು ಗಂಟೆಗೆ ಕಿಟಕಿ ಪರದೆಯ ಬಟ್ಟೆ ಹಿಡಿದು ಟೇಲರಮ್ಮನ ಮನೆಗೆ ಹೋದೆ. ಬಾಗಿಲಾಚೆ ಸೀಟಿ ಟೀಚರ ಧ್ವನಿ: "ಹದಿನೇಳು ಇವತ್ತು ನಲವತ್ತು ನಿಮಿಷ. ನನ್ನ ಜೀವ ಬಾಯಿಗೆ ಬಂದಿತ್ತು."

ಒಳಗೆ ಕಾಲಿಟ್ಟೆ. ಮಾತು ನಿಂತಿತು. ಹೊಲಿಗೆ ಯಂತ್ರ ಶುರುವಾಯಿತು.

"ಬನ್ನಿ ಅಕ್ಕಾ, ಬನ್ನಿ. ಅಳತೆ ತಂದಿದೀರಾ?"

ಅಳತೆಯೆಲ್ಲ ಅವರ ಹತ್ತಿರವೇ ಇದೆ. ನಿಮಿಷದ ಲೆಕ್ಕದಲ್ಲಿ.

ಸಂಜೆ

ಈಗ ಎಲ್ಲ ತಾಳೆಯಾಗುತ್ತದೆ. ನನ್ನನ್ನು ಕಾಯುತ್ತಿದ್ದಾರೆ.

ಈ ಕಾಯುವಿಕೆ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ, ಆ ವರ್ಷ... ಎಂಟು ತಿಂಗಳು ಮಾತಿಲ್ಲ, ಓದಿಲ್ಲ, ಬರೀ ಮಾತ್ರೆ. ಆಮೇಲೆ ಕಾಲೇಜಿಗೆ ಮರಳಿದಾಗ ಸ್ಟಾಫ್ ರೂಮಿನಲ್ಲಿ ನನಗೂ ಕಿಟಕಿಗೂ ನಡುವೆ ಯಾರಾದರೊಬ್ಬರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮೂರನೇ ಮಹಡಿ. ಎಷ್ಟು ನಯವಾಗಿ ಕೂರುತ್ತಿದ್ದರು! ಟೀ ಬೇಕಾ ಮೇಡಂ ಅನ್ನುತ್ತ. ಆ ನಯ ತಾಳಲಾರದೆ ಕೆಲಸ ಬಿಟ್ಟೆ.

ಇಲ್ಲಿಗೆ ಬರುವ ಮೊದಲು ಇವರಿಂದ ಒಂದೇ ಮಾತು ತೆಗೆದುಕೊಂಡಿದ್ದೆ. "ಅಲ್ಲಿ ಯಾರಿಗೂ ಗೊತ್ತಾಗಬಾರದು." "ಆಗಲ್ಲ. ನಾನು ಬಾಯಿ ಬಿಡಲ್ಲ." ಈ ಓಣಿಯಲ್ಲಿ ಆ ವರ್ಷ ಗೊತ್ತಿರುವವರು ಇಬ್ಬರೇ. ನಾನು ಹೇಳಿಲ್ಲ.

ನವೆಂಬರ್ 18

ಏಳು ದಿನ ಒಳಗೇ ಇಟ್ಟುಕೊಂಡಿದ್ದೆ. ಇವತ್ತು ತಿಂಡಿಯ ತಟ್ಟೆ ಮುಂದೆ ಹೊರಬಿತ್ತು.

"ಯಾರಿಗೆ ಹೇಳಿದ್ರಿ? ಟೀಚರಿಗಾ, ಟೇಲರಮ್ಮನಿಗಾ?"

"ಏನನ್ನ?"

"ಗೊತ್ತಿಲ್ಲದ ಹಾಗೆ ಆಡಬೇಡಿ. ನನ್ನ ಹಿಂದೆ ಜನ ಬಿಟ್ಟಿದೀರಿ."

ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಹೇಳಿಲ್ಲ ಅಂದ್ಮೇಲೆ ಹೇಳಿಲ್ಲ."

"ಮತ್ತೆ ಅವರಿಗೆ ಹೇಗೆ ಗೊತ್ತಾಯ್ತು? ಕನಸು ಬಿತ್ತಾ?"

"ಟವೆಲ್ ಮುಟ್ಟಿ ನೋಡ್ದೆ ನೀನು. ಮೊನ್ನೆ ನನ್ನ ಫೋನ್ ನೋಡ್ದೆ. ನಾನು ಸುಮ್ನಿದ್ದೆ. ಇನ್ನೇನು ನೋಡ್ಬೇಕು, ಹೊಟ್ಟೆ ಬಗೆದು ತೋರಿಸ್ಲಾ?"

"ತೋರಿಸಿ."

ಎದ್ದು ಚಪ್ಪಲಿ ಮೆಟ್ಟುತ್ತ, ಗೋಡೆಗೆ ಹೇಳುವವರ ಹಾಗೆ ಹೇಳಿದರು. "ಆ ವರ್ಷ ನನಗೂ ಆಗಿತ್ತು ಕಣೇ. ನಿನಗೊಬ್ಬಳಿಗೇ ಅಲ್ಲ."

ಮಾತು ತಿರುಗಿಸುವುದರಲ್ಲಿ ನಿಪುಣರು. ಹಾಗಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭ.

ನವೆಂಬರ್ 22

ಇವರು ಹೊರಕೋಣೆಯಲ್ಲಿ ಮಲಗುತ್ತಾರೆ. "ಬೀಗ ಎಲ್ಲಿ?" "ಮೊಳೆಗೆ." "ಗ್ಯಾಸ್ ಬಂತಾ?" "ಬಂತು." ಇಷ್ಟೇ ಸಂಸಾರ.

ಹಾಸಿಗೆಯಲ್ಲಿ ಮರಳು ಹಾಗೇ ಇದೆ, ದೂರುವವರಿಲ್ಲ.

ಆದರೂ ಬೆಳಗಿನ ನಡಿಗೆ ಬಿಟ್ಟಿಲ್ಲ. ಏಕೆ ಬಿಡಲಿ? ಸಮುದ್ರ ಇವರೆಲ್ಲರ ಅಪ್ಪನ ಆಸ್ತಿಯೇ? ಇವತ್ತು ನೀರು ಗಾಜಿನ ಹಾಗೆ ನಿಂತಿತ್ತು. ಕಾಲು ಇಳಿಬಿಟ್ಟು ಕೂತೆ. ಸಣ್ಣ ಏಡಿಯೊಂದು ಬಂದು, ನನ್ನ ಹೆಬ್ಬೆರಳನ್ನು ಪರೀಕ್ಷಿಸಿ, ಅನುಮಾನದಿಂದ ಹಿಂದೆ ಸರಿದು ಹೋಯಿತು. ತಿಂಗಳಲ್ಲಿ ಮೊದಲ ಸಲ ನಕ್ಕೆ. ಯಾರಾದರೂ ನೋಡಿದರೋ ಅಂತ ತಕ್ಷಣ ತಿರುಗಿ ನೋಡಿದೆ.

ಬೆಂಚಿನಲ್ಲಿ ಸೀಟಿ ಟೀಚರ ಬಿಳಿ ಟೋಪಿ. ನೋಡುತ್ತಲೇ ಇತ್ತು.

ನವೆಂಬರ್ 25, ಮಧ್ಯಾಹ್ನ

ಇವತ್ತು ಅಕ್ಷರ ವಕ್ರ.

ಬೆಳಿಗ್ಗೆ ಬೇಕೆಂದೇ ಕೂತೆ. ಕಾಯಲಿ, ಎಷ್ಟು ಕಾಯುತ್ತಾರೋ ನೋಡೋಣ. ಏಳಕ್ಕೆ ಸೀಟಿ ಕೇಳಿಸಿತು. ಏಳಲಿಲ್ಲ. ಮತ್ತೆ ಸೀಟಿ, ಉದ್ದಕ್ಕೆ ಎರಡು ಸಲ. ನಾನೇನು ಶಾಲೆಯ ಹುಡುಗಿಯೇ? ಪುಟ ತಿರುವಿದೆ. ಆಮೇಲೆ ಬೆನ್ನ ಹಿಂದೆ ಬೇರೆ ಸದ್ದು. ತಿರುಗಿದರೆ ಮರಳ ಪಟ್ಟಿ ಇರಲಿಲ್ಲ. ನಡೆದು ಬಂದ ದಾರಿಯ ಮೇಲೆ ಎರಡೂ ಕಡೆಯಿಂದ ನೀರು ನುಗ್ಗಿ ಒಂದಾಗುತ್ತಿತ್ತು.

ಇಳಿದೆ. ಮೊಣಕಾಲು. ಹತ್ತು ಹೆಜ್ಜೆಗೆ ತೊಡೆ. ಕಾಲಡಿಯ ಮರಳು ಓಡುತ್ತಿತ್ತು. ಎದುರಿನಿಂದ ಟೇಲರಮ್ಮ ಬರುತ್ತಿದ್ದರು, ಮಡಚಿದ ಛತ್ರಿಯನ್ನು ಮುಂದೆ ಚಾಚಿ.

"ಹಿಡ್ಕೊಳಿ ಅಕ್ಕಾ! ಪುಸ್ತಕ ಬಿಟ್ಟು ಛತ್ರಿ ಹಿಡ್ಕೊಳಿ!"

ಪುಸ್ತಕ ಬಿಡಲಿಲ್ಲ. ಛತ್ರಿಯನ್ನೂ ಹಿಡಿದೆ.

ದಡದಲ್ಲಿ ಸೀಟಿ ಟೀಚರ್ ನನ್ನ ಹೆಗಲ ಮೇಲೆ ಟವೆಲ್ ಎಸೆದು ಬೈಯಲು ಶುರುಮಾಡಿದರು. "ಎರಡು ಸೀಟಿ ಅಂದ್ರೆ ನೀರು ಬರ್ತಿದೆ ಅಂತ. ಇಲ್ಲಿ ಬೆಕ್ಕಿಗೂ ಗೊತ್ತು! ತಿಂಗಳಿಂದ ನಿಮ್ಮ ಬಿಲ್ಲೆ ತಿರುಗಿಸಿ ತಿರುಗಿಸಿ ನನ್ನ ಬೆರಳು ಸವೀತು."

"ನನ್ನ ಬಿಲ್ಲೆ ನೀವೇಕೆ ತಿರುಗಿಸ್ತೀರಿ?"

"ಮತ್ಯಾರು ತಿರುಗಿಸ್ತಾರೆ? ನೀವು ತಿರುಗಿಸಲ್ಲವಲ್ಲ! ಕೆಂಪು ಇರೋ ತನಕ ಕಾವಲಿನವರು ಏಳೋ ಹಾಗಿಲ್ಲ. ನಿಮ್ಮ ಪದ್ಯ ಮುಗಿಯೋವರೆಗೂ ನನಗೆ ಕಾಫಿ ಇಲ್ಲ."

"ಹೇಳಬಹುದಿತ್ತಲ್ಲ."

"ಬಾಯಿ ತೆಗೆಯೋ ಮೊದ್ಲೇ ಮುಖ ತಿರುಗಿಸ್ಕೊಂಡು ಹೋಗ್ತೀರಿ. ಬಂದ ದಿನವೇ ಚೀಟಿ ಕೊಟ್ಟಿದ್ವಿ, ನಿಮ್ಮ ಯಜಮಾನರ ಕೈಲಿ. ಓದಿದೋರು, ಗೊತ್ತಿರುತ್ತೆ ಅಂದ್ಕೊಂಡ್ವಿ."

ಮನೆಗೆ ಬಂದಾಗ ಇವರು ಪ್ಲಾಂಟಿಗೆ ಹೊರಟು ನಿಂತಿದ್ದರು. "ಬಟ್ಟೆ ಯಾಕೆ ಒದ್ದೆ?" "ಅಲೆ ಬಂತು." ಅಷ್ಟೇ ಹೇಳಿದೆ.

ನವೆಂಬರ್ 26

ಒಣಗಲೆಂದು ಪುಸ್ತಕ ಬಿಚ್ಚಿಟ್ಟಿದ್ದೆ. ನಡುವೆ ನಾಲ್ಕು ಮಡಿಕೆಯ ಕಾಗದ, ತಿಂಗಳಿಂದ ಗುರುತಿಗೆ ಇಟ್ಟುಕೊಂಡದ್ದು. ದಿನಾ ಒಂದು ಪದ್ಯದಿಂದ ಇನ್ನೊಂದಕ್ಕೆ ನಾನೇ ಸರಿಸಿದ್ದು. ಬಿಡಿಸಿದೆ.

"ನೀರಿಗೆ ಇಳಿಯುವವರೂ, ಕೊನೆಯ ಬಂಡೆಗೆ ಹೋಗುವವರೂ ತಮ್ಮ ಮನೆಯ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಬೇಕು. ಮರೆತವರ ಬಿಲ್ಲೆಯನ್ನು ಕಾವಲಿನವರು ತಿರುಗಿಸುತ್ತಾರೆ. ಯಾವುದೇ ಬಿಲ್ಲೆ ಕೆಂಪಿರುವವರೆಗೆ ಕಾವಲಿನವರು ಬೆಂಚು ಬಿಡುವಂತಿಲ್ಲ." ಕೆಳಗೆ ಉಬ್ಬರದ ವೇಳಾಪಟ್ಟಿ, ಮೂರು ತಿಂಗಳದ್ದು.

ನೆನಪಾಯಿತು. ಲಾರಿಯಿಂದ ಸಾಮಾನು ಇಳಿಸುವಾಗ ಇವರು ಚಾಚಿದ್ದರು: "ಏನೋ ನಿಯಮಗಳಂತೆ, ಓದು." ಊರಿನ ಪಠ್ಯಪುಸ್ತಕಗಳ ತಪ್ಪನ್ನೆಲ್ಲ ಹೆಕ್ಕುವವಳು. ಈ ಹತ್ತು ಸಾಲು ಓದಲಿಲ್ಲ.

ಇವರು ಹೇಳಿರಲಿಲ್ಲ. ಯಾರಿಗೂ. ಏನೂ.

ಡಿಸೆಂಬರ್ 2

ನನ್ನ ಹೆಸರೂ ಕಾವಲಿನ ಪಟ್ಟಿ ಸೇರಿದೆ. ಬುಧವಾರ ನನ್ನದು. ಸೀಟಿ ಊದಲು ಕಲಿಸಿದರು. ನನ್ನ ಮೊದಲ ಸೀಟಿಗೆ ಟೇಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, "ಅಕ್ಕಾ, ಇದು ಕುಕ್ಕರ್ ಕೂಗಿದ ಹಾಗಿದೆ!" ಮಧ್ಯಾಹ್ನ ಅವರ ಮನೆಯಲ್ಲಿ ಛತ್ರಿಯ ಅಂಚಿಗೆ ದಾರ ಪೋಣಿಸಿದೆ. ಬಾಗಿಲಲ್ಲಿ ಬಿಸಿಲು, ನೆಲದಲ್ಲಿ ನೀಲಿ ಬಟ್ಟೆಯ ರಾಶಿ. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ.

ಅನುಮಾನ ಸತ್ತಿತೆಂದಲ್ಲ. ಜಾಗ ಬದಲಿಸಿದೆ. ಟೀಚರ್ ಇವತ್ತು ಅಂದರು: "ಮನಸ್ಸು ಸರಿ ಇಲ್ಲದ ದಿನ ಬಂಡೆಗೆ ಹೋಗ್ಬೇಡಿ." ಮನಸ್ಸು ಏಕೆ? ಎಲ್ಲರಿಗೂ ಹೇಳುತ್ತಾರೋ, ನನಗೊಬ್ಬಳಿಗೋ? ಐದು ನಿಮಿಷದ ಬಳಿಕ ಹನ್ನೆರಡನೇ ಮನೆಯವರಿಗೂ ಅದನ್ನೇ ಹೇಳುವುದು ಕೇಳಿಸಿತು. ಆಮೇಲೆ ಉಸಿರು ಬಿಟ್ಟೆ.

ತಪ್ಪು ನನ್ನದೆಂದು ಇವರಿಗಿನ್ನೂ ಹೇಳಿಲ್ಲ. ಮೂರು ಸಲ ಹೊರಕೋಣೆಯ ಬಾಗಿಲ ತನಕ ಹೋದೆ. ಮೊದಲ ಸಲ ನಿದ್ದೆ ಮಾಡುತ್ತಿದ್ದರು. ಎರಡನೆಯ ಸಲ ನಿದ್ದೆ ಮಾಡುವ ಹಾಗಿದ್ದರು. ಮೂರನೆಯ ಸಲ ಎದ್ದೇ ಇದ್ದರು. ಕೇಳಿದೆ: "ಟೀ ಬೇಕಾ?"

ಟೀ ಬೇಕಾ! ಸ್ಟಾಫ್ ರೂಮಿನವರ ಹಾಗೆಯೇ.

ಡಿಸೆಂಬರ್ 10, ಬುಧವಾರ, 6.40

ಬೆಂಚಿನ ಮೇಲೆ. ನನ್ನ ಪಾಳಿ. ನಾಲ್ಕು, ಒಂಬತ್ತು, ಹನ್ನೆರಡು ಕೆಂಪು. ಮೂವರೂ ಈಜುವವರು. ಉಬ್ಬರ ಎಂಟು ಹದಿನೈದಕ್ಕೆ, ಆ ದಿನದ ಹಾಗೆಯೇ.

ಈಗಷ್ಟೇ ಇವರು ನನ್ನ ಮುಂದೆಯೇ ಹಾದು ಹೋದರು. ರಜೆಯ ದಿನ. ಇಷ್ಟು ಬೇಗ ಎದ್ದವರೇ ಅಲ್ಲ. ಮಾತಾಡಲಿಲ್ಲ, ಬಿಲ್ಲೆ ತಿರುಗಿಸಲಿಲ್ಲ. ಅದು ಏನೆಂದು ಇವರಿಗೆ ಗೊತ್ತೇ ಇಲ್ಲ. ಚೀಟಿಯನ್ನು ನಾನು ಇಟ್ಟುಕೊಂಡಿದ್ದೆನಲ್ಲ. ಕರೆಯಲು ಬಾಯಿ ತೆರೆದೆ. ಮುಖ ತಿರುಗಿಸಿಕೊಂಡು ಹೋಗಿಬಿಟ್ಟರು.

ಎದ್ದು ಹದಿನೇಳನ್ನು ಕೆಂಪಿಗೆ ತಿರುಗಿಸಿದೆ.

6.58

ನನ್ನ ಬಂಡೆಯ ಮೇಲೆಯೇ ಕೂತಿದ್ದಾರೆ, ಬೆನ್ನು ಹಾಕಿ. ಬಕೆಟ್ ನೀರಿಗೆ ಎರಡು ಸಲ ಯೋಚಿಸುವವರು. ಒಮ್ಮೆ ಹಿಂತಿರುಗಿ ನೋಡಿದರು. ಇಷ್ಟು ದೂರದಿಂದಲೂ ಆ ನೋಟ ಗುರುತು ಹತ್ತಿತು. ನನ್ನದೇ. ಇವಳೇಕೆ ನನ್ನನ್ನು ಕಾಯುತ್ತಿದ್ದಾಳೆ?

ಆ ವರ್ಷ ನನ್ನ ಸುತ್ತ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತಿದ್ದರು. ಇವರ ಪಕ್ಕ ಯಾರು ಕೂತಿದ್ದರು? ಯೋಚಿಸಿಯೇ ಇರಲಿಲ್ಲ.

7.09

ಪಟ್ಟಿ ಸಪೂರ. ಈಜುವವರು ಮೇಲೆ ಬಂದರು, ಮೂರೂ ಬಿಳಿ. ಉಳಿದದ್ದು ಒಂದೇ. ಟೇಲರಮ್ಮ ಛತ್ರಿ ಹಿಡಿದು ಪಕ್ಕಕ್ಕೆ ಬಂದಿದ್ದಾರೆ. "ನಾನು ಹೋಗ್ಲಾ ಅಕ್ಕಾ?" "ಬೇಡ, ತಡೀರಿ." ಊದಿದೆ. ಎರಡು ಸಲ, ಉದ್ದಕ್ಕೆ. ಕುಕ್ಕರ್ ಹಾಗಲ್ಲ.

ಏಳುತ್ತಿಲ್ಲ.

ಮತ್ತೆ ಊದಿದೆ. ಏಳುತ್ತಿಲ್ಲ. ನಾನೂ ಎದ್ದಿರಲಿಲ್ಲವಲ್ಲ.

7.12

ಸೀಟಿ ಟೇಲರಮ್ಮನ ಕೈಗೆ ಕೊಟ್ಟು ಕೂಗಿದೆ. "ರೀ! ನನ್ನದೇ ತಪ್ಪು! ನೀವು ಹೇಳಿರಲಿಲ್ಲ! ಗೊತ್ತಾಯ್ತು!" ಬೀಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಗಾಳಿ ಆ ಕಡೆಗಿದೆ, ಕೇಳಿಸಿರಬಹುದು. ಎದ್ದು ನಿಂತರು. ಕೆಳಗೆ ನೋಡಿದರು, ನೀರು ಕಂಡಿತು. ಇಳಿಯುತ್ತಿಲ್ಲ. ಹೆದರಿದ್ದಾರೆ. ಕೆಂಪು ಇರುವಾಗ ಬೆಂಚು ಬಿಡುವಂತಿಲ್ಲ. ಬೆಂಚಿಗೆ ಟೇಲರಮ್ಮ ಇದ್ದಾರೆ, ಛತ್ರಿ ನನಗೆ ಕೊಟ್ಟರು, ನಾನು ನೀರಿಗೆ—